ಅತ್ತೆಗೆ ರೋಬೋ ತರಿಸಬೇಕೇ?

ಧಾರವಾಡದ ಓದುಗರೊಬ್ಬರ ಪತ್ರ: "ಅತ್ತೆಗೆ 78. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಅಂತ ಡಾಕ್ಟರ್ ಹೇಳಿದ್ದಾರೆ. ಅಮೆರಿಕದಲ್ಲಿರುವ ಮೈದುನ ರೋಬೋ ಕಳಿಸ್ತೀನಿ ಅಂತಾನೆ. ದಿನಾ ಅದರ ಜೊತೆ ಕೂತರೆ ನೆನಪು ಚುರುಕಾಗುತ್ತಂತೆ. ತರಿಸೋಣವೇ?"

ಸಂಪಾದಕರ ಉತ್ತರ: ನೆನಪು ಮರಳಿ ಬರಲಿ ಎಂಬ ಆಸೆಯಿಂದ ತರಿಸುವುದಾದರೆ ಬೇಡ.

ಇಂಥ ರೋಬೋಗಳಲ್ಲಿ ಹೆಸರುವಾಸಿಯಾದದ್ದು ಜಪಾನಿನ ಪಾರೋ. ನೋಡಲು ಸೀಲ್ ಎಂಬ ಕಡಲ ಪ್ರಾಣಿಯ ಬಿಳಿ ತುಪ್ಪಳದ ಮರಿ. ತೂಕ 3 ಕಿಲೋಗೂ ಸ್ವಲ್ಪ ಕಡಿಮೆ, ಮಡಿಲಲ್ಲಿ ಕೂರಿಸಿಕೊಳ್ಳಬಹುದು. ಸವರಿದರೆ ಕಣ್ಣು ಮಿಟುಕಿಸುತ್ತದೆ, ಕರೆದರೆ ತಲೆ ತಿರುಗಿಸುತ್ತದೆ. ಚಾರ್ಜ್ ಮಾಡಬೇಕೆಂದರೆ ಮಕ್ಕಳು ಚೀಪುವ ನಿಪ್ಪಲ್ ತರದ್ದನ್ನು ಬಾಯಿಗಿಡಬೇಕು! ನಾಯಿ, ಬೆಕ್ಕಾದರೆ ಎಲ್ಲರಿಗೂ ಗೊತ್ತು, ನಕಲಿ ಅಂತ ಥಟ್ಟನೆ ಹಿಡಿದುಬಿಡುತ್ತಾರೆ. ಸೀಲನ್ನು ಹತ್ತಿರದಿಂದ ಕಂಡವರು ಎಷ್ಟು ಮಂದಿ? ಅದನ್ನು ರೂಪಿಸಿದ ತಕನೋರಿ ಶಿಬಾಟಾ ಸೀಲನ್ನೇ ಆರಿಸಿಕೊಂಡದ್ದು ಅದಕ್ಕೇ. ಬೆಲೆ ಮಾತ್ರ ಸುಮಾರು 6,000 ಡಾಲರ್.

ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ ವೆಂಡಿ ಮೊಯ್ಲ್ ಮತ್ತು ಸಂಗಡಿಗರು ಇದನ್ನು ಚೆನ್ನಾಗಿ ಪರೀಕ್ಷೆ ಮಾಡಿದರು. 28 ಆರೈಕೆ ಕೇಂದ್ರಗಳ 415 ಹಿರಿಯರು, ಮೂರು ಗುಂಪು. ಒಂದು ಗುಂಪಿಗೆ ಪಾರೋ. ಇನ್ನೊಂದಕ್ಕೂ ಅದೇ ಪಾರೋ, ಆದರೆ ಸ್ವಿಚ್ ಆಫ್! ಮೂರನೆಯದಕ್ಕೆ ಎಂದಿನ ಆರೈಕೆ. ವಾರಕ್ಕೆ 3 ಸಲ, 15 ನಿಮಿಷದಂತೆ, 10 ವಾರ. 2017ರಲ್ಲಿ ಫಲಿತಾಂಶ ಹೊರಬಂತು. ಎಂದಿನ ಆರೈಕೆಯವರಿಗಿಂತ ಪಾರೋ ಗುಂಪಿನವರು ಖುಷಿಯಾಗಿದ್ದರು, ಚಡಪಡಿಕೆಯೂ ಕಡಿಮೆ. ಸ್ವಿಚ್ ಆಫ್ ಗೊಂಬೆಗೆ ಹೋಲಿಸಿದರೆ ಗೆದ್ದದ್ದು ಒಂದರಲ್ಲೇ: ಅದನ್ನು ನೋಡುವುದು, ಅದರ ಜೊತೆ ಮಾತಾಡುವುದು ಜಾಸ್ತಿಯಾಯಿತು. ಮೂಲೆ ಹಿಡಿದು ಕೂತವರು ಬಾಯಿ ಬಿಟ್ಟರೆ ಅದೇನು ಸಣ್ಣ ಮಾತಲ್ಲ. ಆದರೆ ನಿಮ್ಮ ಮೈದುನ ಹೇಳುತ್ತಿರುವುದು ಅದನ್ನಲ್ಲ, ಅಲ್ವಾ?

ಪ್ರಶ್ನೆ ಕೇಳಿ ನೆನಪಿನ ಆಟ ಆಡಿಸುವ, 'ನಾವೋ' ಎಂಬ ಹೆಸರಿನದರಂಥ ಮನುಷ್ಯಾಕಾರದ ರೋಬೋಗಳೂ ಇವೆ. ಆದರೆ ಆಡಿಸುವವರು ಯಾರೇ ಆಗಲಿ, ಅಭ್ಯಾಸದಿಂದಲೇ ನೆನಪನ್ನು ಗಟ್ಟಿ ಮಾಡಬಹುದೇ ಎಂಬುದೇ ಅನುಮಾನ. ಡಿಮೆನ್ಶಿಯಾದ ಒಂದು ಬಗೆ ಆಲ್ಜೈಮರ್. ಆರಂಭದ, ನಡುಹಂತದ ಆಲ್ಜೈಮರ್‌ಗೆ ಇಂಥ ತರಬೇತಿ ಕೊಡಬೇಡಿ ಎಂದೇ ಚಿಕಿತ್ಸೆ ಹೇಗಿರಬೇಕೆಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2018ರಲ್ಲಿ ಹೇಳಿತು. ಅದು ಒಪ್ಪಿದ್ದು ಬೇರೆಯದನ್ನು: ನಾಲ್ಕಾರು ಮಂದಿ ಒಟ್ಟಿಗೆ ಕೂತು ಹಾಡು, ಊಟ, ಹಳೇ ದಿನಗಳು, ಇವತ್ತಿನ ಸುದ್ದಿ ಅಂತ ಹರಟುವುದನ್ನು. ತಪ್ಪು ಹಿಡಿಯುವ ಹಾಗಿಲ್ಲ, ಪರೀಕ್ಷೆ ಮಾಡುವ ಹಾಗಿಲ್ಲ.

ಇದು ನಿಮ್ಮ ಪಡಸಾಲೆಯಲ್ಲೇ ಆಗುವ ಕೆಲಸ. ಅತ್ತೆಯವರ ಮುಂದೆ ಅವರೆಕಾಯಿ ಸುರುವಿ, ಬಿಡಿಸುತ್ತಾ ಕೂರಿ. "ಇವತ್ತು ಯಾವ ವಾರ?" ಅಂತ ಮಾತ್ರ ಕೇಳಬೇಡಿ. "ನಿಮ್ಮ ತವರಿನ್ಯಾಗ ಇದರ ಸಾರು ಹೆಂಗ ಮಾಡ್ತಿದ್ರಿ?" ಅನ್ನಿ. ಮೈದುನನ ದುಡ್ಡು ದಿನಕ್ಕೆ ಎರಡು ತಾಸು ಜೊತೆ ಕೂರುವ ಒಬ್ಬ ಹೆಣ್ಣುಮಗಳ ಸಂಬಳಕ್ಕೆ ಹೋಗಲಿ. ನಿಮಗೂ ಸ್ವಲ್ಪ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ, ಆದರೂ ಬೇಕಲ್ಲವೇ?

ಇಷ್ಟಾದ ಮೇಲೂ ಮೈದುನ ಮಾತಾಡುವ ರೋಬೋ ಕಳಿಸಿಯೇ ತೀರುತ್ತೇನೆ ಅಂದರೆ, ಅದಕ್ಕೆ ಕನ್ನಡ ಬರುತ್ತದಾ ಅಂತ ಮೊದಲು ಕೇಳಿ. ಧಾರವಾಡದ ಕನ್ನಡ ಅರ್ಥವಾಗುತ್ತದಾ ಅಂತಲೂ ಕೇಳಿ. ಅದಕ್ಕೂ ಮುಂಚೆ ಅತ್ತೆಯವರ ಕಿವಿ ಪರೀಕ್ಷೆ ಮಾಡಿಸಿ. ಸರಿಯಾಗಿ ಕೇಳಿಸದೆ ಸುಮ್ನೆ ಕೂತಿರುವುದನ್ನೂ ನಾವು ಮರೆವಿನ ಲೆಕ್ಕಕ್ಕೇ ಸೇರಿಸಿಬಿಡುತ್ತೇವೆ.