‘ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಮಾತು ಪರಿಹಾರವೋ, ಸಾಗಹಾಕುವ ಉಪಾಯವೋ?

ಕಚೇರಿಯ ಕಂಪ್ಯೂಟರಿನಲ್ಲಿ ಏನೇ ತೊಂದರೆ ಹೇಳಿಕೊಂಡರೂ ಐಟಿಯವರು ‘ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ’ ಎಂದೇ ಮಾತು ತೆಗೆಯುತ್ತಾರೆ, ಆಮೇಲೆ ತಮ್ಮತಮ್ಮಲ್ಲಿ ಅದೇ ಮಾತನ್ನು ಹೇಳಿಕೊಂಡು ನಗುತ್ತಾರೆ, ಇದು ನಿಜವಾದ ಪರಿಹಾರವೋ ಅಥವಾ ನಮ್ಮನ್ನು ಸಾಗಹಾಕುವ ಉಪಾಯವೋ ಎಂದು ನೀವು ಕೇಳಿದ್ದೀರಿ. ಸರ್ವರ್‌ಗಳನ್ನೂ ಅವುಗಳನ್ನು ಬಳಸುವವರ ದೂರುಗಳನ್ನೂ ಹದಿನಾಲ್ಕು ವರ್ಷಗಳಿಂದ ನೋಡಿಕೊಂಡು ಬಂದಿರುವ ನನ್ನ ಅನುಭವದಲ್ಲಿ ಅದು ನಿಜವಾದ ಪರಿಹಾರವೇ ಹೌದು. ಆದರೆ ತೊಂದರೆಯನ್ನು ಹೋಗಲಾಡಿಸುವ ಹೊತ್ತಿಗೇ ಅದು ತೊಂದರೆಯ ಕಾರಣದ ಕುರುಹನ್ನೂ ಅಳಿಸಿಬಿಡುತ್ತದೆ. ನಮ್ಮ ವೃತ್ತಿಯವರು ಸಾಮಾನ್ಯವಾಗಿ ನಿಮಗೆ ಹೇಳದೆ ಬಿಡುವುದು ಈ ಎರಡನೆಯ ಸಂಗತಿಯನ್ನು.

ಮೊದಲು, ರೀಸ್ಟಾರ್ಟ್ ಏಕೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ. ಯಾವುದೇ ತಂತ್ರಾಂಶದ ಬದುಕಿನಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗುವ ಭಾಗವೆಂದರೆ ಅದರ ಆರಂಭ. ಅದನ್ನು ಬರೆಯುವವರು ದಿನಕ್ಕೆ ಹತ್ತಾರು ಸಲ ಅದನ್ನು ಚಾಲೂ ಮಾಡುತ್ತಾರೆ, ಒಂದಿಷ್ಟು ಹೊತ್ತು ನೋಡುತ್ತಾರೆ, ನಿಲ್ಲಿಸುತ್ತಾರೆ. ನಲವತ್ತು ದಿನ ಬಿಡುವಿಲ್ಲದೆ ಓಡಿದ ಮೇಲೆ ಅದು ಹೇಗಿರುತ್ತದೆ ಎಂದು ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ಓಡುತ್ತಾ ಹೋದಂತೆ ಪಡೆದ ಮೆಮೊರಿಯನ್ನು ಹಿಂದಿರುಗಿಸದೆ ಉಳಿಸಿಕೊಳ್ಳುವುದು, ಎರಡು ಕೆಲಸಗಳು ಒಂದರ ಬೀಗಕ್ಕಾಗಿ (ಒಂದು ವಸ್ತುವನ್ನು ಒಂದು ಸಲಕ್ಕೆ ಒಂದೇ ಕೆಲಸ ಬಳಸುವಂತೆ ಕಾಯುವ ಏರ್ಪಾಡು) ಇನ್ನೊಂದು ಕಾಯುತ್ತಾ ನಿಂತುಬಿಡುವುದು, ಬದಲಾಗಿಹೋದ ವಿಳಾಸವನ್ನು ಹಳೆಯ ನೆನಪಿನಿಂದಲೇ ಬಳಸುತ್ತಿರುವುದು, ಆ ತುದಿಯವರು ಎಂದೋ ಕಡಿದುಕೊಂಡ ಸಂಪರ್ಕವನ್ನು ಇನ್ನೂ ಜೀವಂತವೆಂದು ನಂಬಿರುವುದು, ಇಂಥ ಸಣ್ಣ ಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡುತ್ತವೆ. ರೀಸ್ಟಾರ್ಟ್ ಮಾಡಿದಾಗ ಇವೆಲ್ಲ ಒಮ್ಮೆಗೇ ತೊಡೆದುಹೋಗಿ, ಯಂತ್ರವು ಚೆನ್ನಾಗಿ ಪರಿಚಿತವಾದ ಆ ಮೊದಲ ಸ್ಥಿತಿಗೆ ಮರಳುತ್ತದೆ.

ಇದು ಬರಿಯ ಅಂದಾಜಲ್ಲ. ಜಿಮ್ ಗ್ರೇ ಎಂಬ ಗಣಕ ವಿಜ್ಞಾನಿ ಟ್ಯಾಂಡೆಮ್ ಕಂಪನಿಯಲ್ಲಿದ್ದಾಗ, 1985ರಲ್ಲಿ, ಕಂಪ್ಯೂಟರುಗಳು ಏಕೆ ನಿಂತುಹೋಗುತ್ತವೆ ಎಂಬುದನ್ನು ಕುರಿತು ಬರೆಯುತ್ತಾ ದೋಷಗಳನ್ನು ಎರಡಾಗಿ ವಿಂಗಡಿಸಿದರು. ಎಷ್ಟು ಸಲ ಪ್ರಯತ್ನಿಸಿದರೂ ಅದೇ ಜಾಗದಲ್ಲಿ ಅದೇ ರೀತಿ ಎದುರಾಗುವ ಗಟ್ಟಿ ದೋಷಗಳನ್ನು ಬೋರ್‌ಬಗ್ ಎಂದೂ, ಮರಳಿ ಪ್ರಯತ್ನಿಸಿದಾಗ ಮಾಯವಾಗುವ ದೋಷಗಳನ್ನು ಹೈಸನ್‌ಬಗ್ ಎಂದೂ ಕರೆದರು. ಅವರು ಉದಾಹರಿಸಿದ ಒಂದು ಪರಿಶೀಲನೆಯಲ್ಲಿ 132 ತಂತ್ರಾಂಶ ದೋಷಗಳ ಪೈಕಿ ಗಟ್ಟಿ ದೋಷ ಒಂದೇ ಒಂದು ಇತ್ತು. ಬಳಕೆಗೆ ಬಂದು ಹಳೆಯದಾದ ತಂತ್ರಾಂಶದಲ್ಲಿ ಗಟ್ಟಿ ದೋಷಗಳು ಬೇಗ ಸಿಕ್ಕಿಬೀಳುವುದರಿಂದ ಉಳಿಯುವವು ಹೆಚ್ಚಾಗಿ ಎರಡನೆಯ ಬಗೆಯವು, ಮತ್ತು ಅವುಗಳ ಮುಂದೆ ರೀಸ್ಟಾರ್ಟ್ ಗೆಲ್ಲುವ ಸಾಧ್ಯತೆಯೇ ಹೆಚ್ಚು.

ಕೆಲವೊಮ್ಮೆ ಆ ಮಾತನ್ನು ಆದೇಶವಾಗಿಯೇ ಹೊರಡಿಸಬೇಕಾಗುತ್ತದೆ. ವಿಂಡೋಸ್ 95 ಮತ್ತು 98ರಲ್ಲಿ ಮಿಲಿಸೆಕೆಂಡುಗಳನ್ನು ಎಣಿಸುವ 32 ಬಿಟ್‌ಗಳ ಒಂದು ಎಣಿಕೆಯು 49.7 ದಿನಗಳಿಗೆ ತುಂಬಿ ಮತ್ತೆ ಸೊನ್ನೆಗೆ ಬರುತ್ತಿತ್ತು, ಅಷ್ಟು ದಿನ ನಿಲ್ಲದೆ ಓಡಿದ ಯಂತ್ರ ಆಗ ಸ್ತಬ್ಧವಾಗಬಹುದಾಗಿತ್ತು. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಕಗಳು 248 ದಿನ ಸತತವಾಗಿ ವಿದ್ಯುತ್ತಿನಲ್ಲಿದ್ದರೆ ಒಟ್ಟಿಗೇ ಕೈಕೊಡಬಹುದೆಂದು ಕಂಡುಬಂದಾಗ, 2015ರಲ್ಲಿ ಅಮೆರಿಕದ ವಿಮಾನಯಾನ ಪ್ರಾಧಿಕಾರವು ಆ ಅವಧಿಗೆ ಮುನ್ನವೇ ವಿದ್ಯುತ್ತನ್ನು ಆರಿಸಿ ಹೊತ್ತಿಸಬೇಕೆಂದು ನಿರ್ದೇಶಿಸಿತು.

ಇದಕ್ಕಿಂತ ನೋವಿನ ಉದಾಹರಣೆ 1991ರದು. ಕೊಲ್ಲಿ ಯುದ್ಧದ ಸಮಯದಲ್ಲಿ ಸೌದಿ ಅರೇಬಿಯಾದ ಧಹರಾನ್‌ನಲ್ಲಿದ್ದ, ಶತ್ರು ಕ್ಷಿಪಣಿಗಳನ್ನು ತಡೆಯುವ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸುಮಾರು 100 ಗಂಟೆ ಬಿಡದೆ ಓಡಿತ್ತು. ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು 24 ಬಿಟ್‌ಗಳಲ್ಲಿ ಕರಾರುವಾಕ್ಕಾಗಿ ಬರೆಯಲಾಗದ್ದರಿಂದ ಉಂಟಾದ ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪು ಅಷ್ಟು ಹೊತ್ತಿಗೆ ಕೂಡುತ್ತಾ ಬಂದು 0.34 ಸೆಕೆಂಡ್ ಆಗಿತ್ತು; ರೀಸ್ಟಾರ್ಟ್ ಮಾಡಿದ್ದರೆ ಅದು ಮತ್ತೆ ಸೊನ್ನೆಗೆ ಮರಳುತ್ತಿತ್ತು. ಫೆಬ್ರವರಿ 25ರಂದು ಬಂದ ಇರಾಕಿನ ಸ್ಕಡ್ ಕ್ಷಿಪಣಿಯನ್ನು ಅದು ಇರಬೇಕಾದ ಜಾಗದಲ್ಲಿ ಹುಡುಕದೆ ಬೇರೆಡೆ ಹುಡುಕಿದ್ದರಿಂದ ತಡೆಯಲಾಗಲಿಲ್ಲ. 28 ಸೈನಿಕರು ಸತ್ತರು. ಬಹಳ ಹೊತ್ತು ಓಡಿಸಿದರೆ ಲೆಕ್ಕ ತಪ್ಪುತ್ತದೆ ಎಂಬ ಎಚ್ಚರಿಕೆ ಕೆಲವು ದಿನಗಳ ಮುಂಚೆಯೇ ಬಳಕೆದಾರರಿಗೆ ಹೋಗಿತ್ತು, ಆದರೆ ಬಹಳ ಹೊತ್ತು ಎಂದರೆ ಎಷ್ಟು ಗಂಟೆ ಎಂದು ಅದರಲ್ಲಿ ಹೇಳಿರಲಿಲ್ಲ. ಸರಿಪಡಿಸಿದ ತಂತ್ರಾಂಶ ಧಹರಾನ್ ತಲುಪಿದ್ದು ಮರುದಿನ. ಯಾವಾಗ, ಏಕೆ ಎಂದು ಹೇಳದೆ ಸಲಹೆಯನ್ನು ಮಾತ್ರ ದಾಟಿಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ನಿಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೇ ಮರಳಿದರೆ, ಅಲ್ಲಿ ದಿನನಿತ್ಯ ಜಗಳಕ್ಕೆ ಕಾರಣವಾಗುವ ಒಂದು ವಿಷಯವಿದೆ. ‘ನಿನ್ನೆ ರಾತ್ರಿಯೇ ಶಟ್‌ಡೌನ್ ಮಾಡಿ ಹೋಗಿದ್ದೆ’ ಎಂದು ಬಳಕೆದಾರರು ಹೇಳುತ್ತಾರೆ, ಆದರೆ ನಮ್ಮ ಪರದೆಯಲ್ಲಿ ಆ ಯಂತ್ರ ಮೂವತ್ತು ದಿನಗಳಿಂದ ಓಡುತ್ತಿದೆ ಎಂದು ಕಾಣಿಸುತ್ತದೆ. ಇಬ್ಬರೂ ಹೇಳುತ್ತಿರುವುದು ಸತ್ಯ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂದಿದ್ದು, ಅದು ಚಾಲ್ತಿಯಲ್ಲಿರುವಾಗ ಶಟ್‌ಡೌನ್ ಒತ್ತಿದರೆ ನಿಮ್ಮ ಅಪ್ಲಿಕೇಶನ್‌ಗಳು ಮುಚ್ಚಿದರೂ ವ್ಯವಸ್ಥೆಯ ಒಳತಿರುಳಾದ ಕರ್ನಲ್‌ನ ಸ್ಥಿತಿ ಡಿಸ್ಕಿನಲ್ಲಿ ಹಾಗೆಯೇ ಉಳಿದು ಬೆಳಗ್ಗೆ ಮತ್ತೆ ಎದ್ದು ಬರುತ್ತದೆ. ರೀಸ್ಟಾರ್ಟ್ ಒತ್ತಿದಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಇದನ್ನು ವಿವರಿಸದೆ ಬಳಕೆದಾರರನ್ನು ಸುಳ್ಳುಗಾರರೆಂದು ತಿಳಿಯುವ ಸಹೋದ್ಯೋಗಿಗಳನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಕೆಳಗೆ ಅಪ್‌ಟೈಮ್ ಎಂಬುದನ್ನು ನೋಡಿದರೆ ನಿಮಗೂ ಲೆಕ್ಕ ಸಿಗುತ್ತದೆ.

ಇನ್ನು ರೀಸ್ಟಾರ್ಟ್ ಕಾರಣದ ಕುರುಹನ್ನು ಅಳಿಸುತ್ತದೆ ಎಂದೆನಲ್ಲ, ಅದನ್ನು ನಾನು ಕಲಿತ ಸಂದರ್ಭವನ್ನು ಹೇಳುತ್ತೇನೆ. ನಾವು ನೋಡಿಕೊಳ್ಳುತ್ತಿದ್ದ ಒಂದು ಸೇವೆ ಸೋಮವಾರ ಬೆಳಗ್ಗೆ ಉಸಿರುಗಟ್ಟಿ ನಿಲ್ಲುತ್ತಿತ್ತು. ಯಾರೋ ಒಬ್ಬರು ರೀಸ್ಟಾರ್ಟ್ ಮಾಡುತ್ತಿದ್ದರು, ಎರಡು ನಿಮಿಷದಲ್ಲಿ ಎಲ್ಲವೂ ಸರಿಹೋಗುತ್ತಿತ್ತು. ತಂಡದಲ್ಲಿ ಇದಕ್ಕೆ ‘ಸೋಮವಾರದ ಜ್ವರ’ ಎಂದು ಹೆಸರಾಯಿತು. ರಜೆ ಮುಗಿಸಿ ಬರುವವರ ಹೊರೆಯನ್ನು ಸರ್ವರ್ ತಡೆಯುತ್ತಿಲ್ಲ ಎಂಬ ವಿವರಣೆಯೂ ಹುಟ್ಟಿಕೊಂಡಿತು. ಹೀಗೇ ಎರಡು ತಿಂಗಳು ಕಳೆದವು. ಒಮ್ಮೆ ಬೇರಾವುದೋ ಕೆಲಸಕ್ಕಾಗಿ ಬುಧವಾರ ಆ ಸೇವೆಯನ್ನು ರೀಸ್ಟಾರ್ಟ್ ಮಾಡಬೇಕಾಯಿತು, ಮುಂದಿನ ವಾರ ಜ್ವರ ಬಂದದ್ದು ಬುಧವಾರ. ಅಲ್ಲಿಗೆ ವಾರಾಂತ್ಯದ ಕಥೆ ಬಿದ್ದುಹೋಯಿತು, ಏಕೆಂದರೆ ತೊಂದರೆಯು ದಿನವನ್ನು ನೋಡುತ್ತಿರಲಿಲ್ಲ, ಹಿಂದಿನ ರೀಸ್ಟಾರ್ಟ್‌ನಿಂದ ಏಳು ದಿನಗಳನ್ನು ಎಣಿಸುತ್ತಿತ್ತು.

ಮುಂದಿನ ಸಲ ಅದು ನಿಂತಾಗ, ಫೋನುಗಳು ಬಡಿದುಕೊಳ್ಳುತ್ತಿದ್ದರೂ, ಹತ್ತು ನಿಮಿಷ ಕಾಲಾವಕಾಶ ಕೇಳಿಕೊಂಡು ಆ ಪ್ರೋಸೆಸ್, ಅಂದರೆ ಓಡುತ್ತಿರುವ ಆ ತಂತ್ರಾಂಶ, ತೆರೆದಿಟ್ಟುಕೊಂಡಿದ್ದ ಫೈಲ್ ಮತ್ತು ಸಂಪರ್ಕಗಳ ಪಟ್ಟಿಯನ್ನು ತೆಗೆದು ನೋಡಿದೆ. ಅಲ್ಲಿ ಮುಚ್ಚದೆ ಬಿಟ್ಟ ಸಾಕೆಟ್‌ಗಳು, ಅಂದರೆ ನೆಟ್‌ವರ್ಕ್ ಸಂಪರ್ಕದ ತುದಿಗಳು, ಸಾವಿರದಷ್ಟಿದ್ದವು. ಹತ್ತು ನಿಮಿಷಕ್ಕೊಮ್ಮೆ ಓಡುವ ಒಂದು ಪುಟ್ಟ ಕೆಲಸ ಪ್ರತಿ ಸಲವೂ ಒಂದು ಸಂಪರ್ಕ ತೆರೆದು ಅದನ್ನು ಮುಚ್ಚದೆ ಹೋಗುತ್ತಿತ್ತು. ದಿನಕ್ಕೆ 144, ಏಳು ದಿನಕ್ಕೆ 1,008. ಸೇವೆಯ ಸ್ವಂತ ಬಳಕೆಯ ಹದಿನಾರನ್ನು ಸೇರಿಸಿದರೆ ಒಂದು ಪ್ರೋಸೆಸ್ ಏಕಕಾಲಕ್ಕೆ ತೆರೆದಿಡಬಹುದಾದ ಫೈಲ್ ಮತ್ತು ಸಂಪರ್ಕಗಳಿಗೆ ಸರ್ವರ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಸಾಮಾನ್ಯವಾಗಿ ವಿಧಿಸುವ 1,024ರ ಮಿತಿ ತುಂಬುತ್ತದೆ. ಮಿತಿ ತುಂಬಿದ ಮೇಲೆ ಹೊಸ ಲಾಗ್ ಫೈಲನ್ನು, ಅಂದರೆ ನಡೆದದ್ದನ್ನು ಬರೆದಿಡುವ ಕಡತವನ್ನು, ತೆರೆಯಲೂ ಅದಕ್ಕೆ ಅವಕಾಶವಿರಲಿಲ್ಲವಾದ್ದರಿಂದ ಲಾಗ್‌ನಲ್ಲಿ ನಮಗೆ ಏನೂ ಸಿಕ್ಕಿರಲಿಲ್ಲ. ಸಂಪರ್ಕವನ್ನು ಮುಚ್ಚುವ ಒಂದು ಸಾಲನ್ನು ಸೇರಿಸಿದ ಮೇಲೆ ಜ್ವರ ಮತ್ತೆ ಬರಲಿಲ್ಲ. ಎರಡು ತಿಂಗಳ ಕಾಲ ವಾರವಾರವೂ ಎದುರಿಗೇ ಇದ್ದ ಆ ಸಾಕ್ಷ್ಯವನ್ನು ನಾವೇ ಕೈಯಾರೆ ಅಳಿಸುತ್ತಿದ್ದೆವು.

ಇದಕ್ಕೆ ವಿರುದ್ಧವಾಗಿ, ಯಂತ್ರ ತಾನಾಗಿ ರೀಸ್ಟಾರ್ಟ್ ಆದರೂ ಕಾರಣವನ್ನು ಕೈಬಿಡದೆ ಹಿಡಿದವರ ಉದಾಹರಣೆ ನನಗೆ ಬಹಳ ಪ್ರಿಯವಾದದ್ದು. 1997ರ ಜುಲೈ 4ರಂದು ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಕೂಡಿಸುವ ಕಡಿಮೆ ಆದ್ಯತೆಯ ಕೆಲಸವೊಂದು ಬೀಗ ಹಿಡಿದುಕೊಂಡಿರುವಾಗ ಮಧ್ಯಮ ಆದ್ಯತೆಯ ಕೆಲಸ ನಡುವೆ ನುಗ್ಗುತ್ತಿತ್ತು. ಆ ಬೀಗಕ್ಕಾಗಿ ಕಾಯುತ್ತಿದ್ದ ಅತಿ ಮುಖ್ಯ ಕೆಲಸ ಸಮಯಕ್ಕೆ ಮುಗಿಯದ್ದನ್ನು ಕಂಡು ಕಾವಲು ಗಡಿಯಾರವು ಇಡೀ ವ್ಯವಸ್ಥೆಯನ್ನು ಹೊಸದಾಗಿ ಶುರುಮಾಡುತ್ತಿತ್ತು. ಎಂಜಿನಿಯರುಗಳು ಭೂಮಿಯಲ್ಲಿದ್ದ ಪ್ರತಿರೂಪದ ಮೇಲೆ, ಪ್ರತಿ ಹೆಜ್ಜೆಯನ್ನೂ ದಾಖಲಿಸುತ್ತಾ, ಅದೇ ತೊಂದರೆ ಮರುಕಳಿಸುವವರೆಗೆ ಓಡಿಸಿ, ಕಾರಣವನ್ನು ಕಂಡುಹಿಡಿದು, ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು. ರೀಸ್ಟಾರ್ಟ್ ನೌಕೆಯನ್ನು ಉಳಿಸಿತು, ದಾಖಲೆ ಅದನ್ನು ಸರಿಪಡಿಸಿತು.

ನೀವು ಕೇಳಿಸಿಕೊಂಡ ನಗುವಿನ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಯಾರಿಗಾದರೂ ನೆಗಡಿಯಾದರೂ ‘ರೀಸ್ಟಾರ್ಟ್ ಮಾಡಿ ನೋಡಿದೆಯಾ?’ ಎಂದು ಕೇಳುವ ರೂಢಿಯಿದೆ. ‘ನನ್ನ ಮಷೀನ್‌ನಲ್ಲಿ ಸರಿಯಾಗಿಯೇ ಓಡುತ್ತಿದೆ’, ‘ಶುಕ್ರವಾರ ಸಂಜೆ ಏನನ್ನೂ ಮುಟ್ಟಬೇಡ’ ಎಂಬ ಮಾತುಗಳೂ ಹಾಗೆಯೇ ತಿರುಗುತ್ತಿರುತ್ತವೆ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದ ಕರೆ, ಜನ ನಿಜವಾಗಿ ಬಳಸುತ್ತಿರುವ ಪ್ರೊಡಕ್ಷನ್ ವ್ಯವಸ್ಥೆಯಲ್ಲಿ ತಾನೇ ಮಾಡಿದ ಎಡವಟ್ಟು, ಇವುಗಳ ಭಾರವನ್ನು ಹಂಚಿಕೊಳ್ಳಲು ಆ ಮಾತುಗಳು ಬೇಕು, ಅವುಗಳಿಲ್ಲದ ತಂಡದಲ್ಲಿ ಜನ ತಪ್ಪನ್ನು ಮುಚ್ಚಿಡುವುದನ್ನು ನಾನು ಕಂಡಿದ್ದೇನೆ. ಆ ನಗು ನಿಮ್ಮನ್ನು ಕುರಿತದ್ದಲ್ಲ ಎಂದು ಬಹುಮಟ್ಟಿಗೆ ಹೇಳಬಲ್ಲೆ. ಆದರೂ ದೂರು ಹೇಳಲು ಬಂದವರಿಗೆ ಕೇಳಿಸುವ ಹಾಗೆ ನಗುವುದು ತಪ್ಪು. ಕೆಲಸ ನಿಂತುಹೋದವರಿಗೆ ಮೊದಲು ಬೇಕಾಗಿರುವುದು ತಮ್ಮ ಮಾತನ್ನು ಯಾರೋ ಕೇಳಿಸಿಕೊಂಡರು ಎಂಬ ಭರವಸೆ.

ಆದ್ದರಿಂದ ರೀಸ್ಟಾರ್ಟ್ ಮಾಡಿ ಎಂದಾಗ ಮಾಡಿ, ಆದರೆ ಅದಕ್ಕೆ ಮುಂಚೆ ಒಂದು ನಿಮಿಷ ತೆಗೆದುಕೊಂಡು ಪರದೆಯ ಮೇಲಿನ ಸಂದೇಶದ ಚಿತ್ರ ತೆಗೆದು, ಗಂಟೆ ಎಷ್ಟಾಗಿತ್ತು ಎಂಬುದನ್ನು ಮತ್ತು ಆಗ ನೀವು ಏನು ಮಾಡುತ್ತಿದ್ದಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಅದೇ ತೊಂದರೆ ಎರಡನೆಯ ಸಲ ಬಂದರೆ ‘ಇದು ಎಷ್ಟು ದಿನಕ್ಕೊಮ್ಮೆ ಬರುತ್ತಿದೆ ನೋಡುತ್ತೀರಾ?’ ಎಂದು ಅವರನ್ನು ಕೇಳಿ. ಆ ಪ್ರಶ್ನೆಯನ್ನು ತಳ್ಳಿಹಾಕುವ ಐಟಿಯವರು ಕಡಿಮೆ. ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ರೀಸ್ಟಾರ್ಟ್ ಮಾಡಬೇಡಿ, ಅದು ಮತ್ತೆ ಏಳದೇ ಹೋಗಬಹುದು, ಮೊದಲು ಮುಖ್ಯ ಕಡತಗಳನ್ನು ಬೇರೆಡೆಗೆ ನಕಲಿಸಿ. ಅಪ್‌ಡೇಟ್ ನಡೆಯುತ್ತಿರುವಾಗಲೂ ಬೇಡ. ಕಡತಗಳ ಹೆಸರುಗಳು ಇದ್ದಕ್ಕಿದ್ದಂತೆ ಬದಲಾಗಿ ಹಣ ಕೇಳುವ ಸಂದೇಶ ಕಾಣಿಸಿಕೊಂಡರಂತೂ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆರಿಸಿ, ಯಂತ್ರವನ್ನು ಇದ್ದಂತೆಯೇ ಬಿಟ್ಟು ಅವರಿಗೆ ಫೋನ್ ಮಾಡಿ, ಏಕೆಂದರೆ ತನಿಖೆಗೆ ಬೇಕಾದ ಕುರುಹುಗಳು ಆಗ ಮೆಮೊರಿಯಲ್ಲಷ್ಟೇ ಉಳಿದಿರಬಹುದು.