ಹವಳದ ಬುಡ ಬೆತ್ತಲಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸುತ್ತಿಗೆಯಾಕಾರದ ತುದಿಗಳಿರುವ ಹ್ಯಾಮರ್ ಹವಳದ ಮಾಂಸ ಎರಡು ವಾರದಿಂದ ಬುಡ ಬಿಟ್ಟು ಮೇಲೆ ಸರಿಯುತ್ತಿದೆ. ಕ್ಷಾರತೆ 11 ಡಿಕೆಎಚ್ (ಕ್ಷಾರತೆಯ ಅಳತೆಮಾನ). ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ನೀರು ಇಷ್ಟು ಶುದ್ಧವಿದ್ದೂ ಹೀಗೇಕೆ?

ಉತ್ತರ: ಆ ಸೊನ್ನೆಯ ಮೇಲೇ ನಮಗೆ ಮೊದಲ ಅನುಮಾನ. ಹವಳದ ಮಾಂಸದೊಳಗೆ ಬದುಕುವ ಪಾಚಿಗೆ ಸಾರಜನಕ (ನೈಟ್ರೇಟ್), ರಂಜಕ (ಫಾಸ್ಫೇಟ್) ಬೇಕೇ ಬೇಕು. ಹೊಟ್ಟೆಗಿಲ್ಲದ ಹವಳ 11ರ ಕ್ಷಾರತೆಯನ್ನು ತಾಳಿಕೊಳ್ಳುವುದು ಕಷ್ಟ. ಬೇರೊಂದು ಪರೀಕ್ಷಾ ಕಿಟ್‌ನಲ್ಲೂ ಸೊನ್ನೆಯೇ ಬಂದರೆ ಫಿಲ್ಟರಿನಲ್ಲಿ ಫಾಸ್ಫೇಟ್ ಹೀರುವ ಮೀಡಿಯಾ (ಹೀರುವ ವಸ್ತು) ಇದ್ದರೆ ತೆಗೆದು, ಮೀನಿನ ಆಹಾರವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಆಸುಪಾಸು ಇರಲಿ. ಕ್ಷಾರತೆ ಏರಿಸುವ ದ್ರಾವಣ ಹಾಕುವುದನ್ನು (ಡೋಸಿಂಗ್) ನಿಲ್ಲಿಸಿ, ದಿನಕ್ಕೆ 0.5ರಂತೆ 8ಕ್ಕೆ ಇಳಿಯಲು ಬಿಡಿ. ಆಮೇಲೆ ಅಲ್ಲೇ ಹಿಡಿದಿಡಿ. ಅವಸರಕ್ಕೆ ಅರ್ಧ ನೀರು ಬದಲಿಸಬೇಡಿ, ಆ ಏರಿಳಿತವೇ ಇನ್ನೊಂದು ಪೆಟ್ಟು.

ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಇರಬೇಕು. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರೀ ನೀರಿನಿಂದಲ್ಲ, 35 ಪಿಪಿಟಿ ದ್ರಾವಣದಿಂದಲೇ ಸರಿಹೊಂದಿಸಿ.

ಪಂಪಿನ ಧಾರೆ ಹವಳಕ್ಕೆ ನೇರವಾಗಿ ಬಡಿಯುತ್ತಿದೆಯೇ ನೋಡಿ. ಹಾಗೆ ಬಡಿದರೆ ಮಾಂಸ ಅಸ್ಥಿಯ ಚೂಪಾದ ಅಂಚಿಗೆ ಉಜ್ಜಿ ಹರಿದುಹೋಗುತ್ತದೆ. ತುದಿಗಳು ಮೆಲ್ಲಗೆ ತೂಗಾಡಿದರೆ ಸಾಕು.

ಹವಳದ ಮೇಲೆ ಕಂದು ಲೋಳೆ (ಬೇಗ ಹರಡುವ ಸೋಂಕಿನ ಗುರುತು) ಕಂಡರೆ ಮಾತ್ರ ಒಂದು ಗಂಟೆಯೂ ಕಾಯಬೇಡಿ. ಪಂಪ್ ನಿಲ್ಲಿಸಿ, ಸಣ್ಣ ಕೊಳವೆಯಿಂದ ಲೋಳೆಯನ್ನು ಬಕೆಟ್ಟಿಗೆ ಎಳೆಯಿರಿ. ಲೋಳೆ ಕಂಡ ಕೊಂಬೆಯನ್ನು ಜೀವಂತ ಮಾಂಸಕ್ಕೆ ತಾಗದಂತೆ ಕತ್ತರಿಸಿ ಬೇರ್ಪಡಿಸಿ, ಉಳಿದದ್ದನ್ನು ಲೇಬಲ್ಲಿನ ಅಳತೆಯ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಕೈಗವಸು, ಕನ್ನಡಕ ಇರಲಿ. ಬಕೆಟ್ಟಿನ ನೀರನ್ನೂ ಅದ್ದಿದ ದ್ರಾವಣವನ್ನೂ ತೊಟ್ಟಿಗೆ ಮರಳಿ ಸುರಿಯಬಾರದು.