‘ಇದರಲ್ಲಿ ನೀನೇ ಇಲ್ಲವಲ್ಲ’ ಅಂದರೆ ಏನು ಮಾಡಬೇಕು?

ಪ್ರಶ್ನೆ: ನಾನು ವಿಜಯಪುರದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ, ಎರಡನೇ ವರ್ಷ. ಊರು ಇಂಡಿ ಕಡೆ. ಏನು ಬರೆದರೂ ನಮ್ಮ ಸರ್ ‘ಇದರಲ್ಲಿ ನೀನೇ ಇಲ್ಲವಲ್ಲ’ ಅನ್ನುತ್ತಾರೆ. ನನ್ನದೇ ಶೈಲಿ ಅಂತ ಹೊರಟರೆ ಇಷ್ಟದ ಅಂಕಣಕಾರರ ನಕಲಾಗುತ್ತದೆ. ಮನೆಮಾತು ಬಳಸಿದರೆ ಬೆಂಗಳೂರಿನವರು ನಕ್ಕಾರು ಅಂತ ಅಂಜಿಕೆ. ಒಂದು ವರದಿ ಕಳಿಸಿದ್ದೇನೆ, ನೋಡಿ ಹೇಳಿ ಸರ್.

ಉತ್ತರ: ತಂಗಿ, ನಿನ್ನ ಮಣೂಕದ, ಅಂದರೆ ಒಣದ್ರಾಕ್ಷಿಯ, ವರದಿ ಓದಿದೆ. ಮೊದಲ ಸಾಲು ಹೀಗಿದೆ: ‘ಅಕಾಲಿಕ ಮಳೆಯಿಂದಾಗಿ ಅಪಾರ ಪ್ರಮಾಣದ ಒಣದ್ರಾಕ್ಷಿ ಹಾನಿಗೊಳಗಾಗಿದ್ದು, ಬೆಳೆಗಾರರು ಕಂಗಾಲಾಗಿದ್ದಾರೆ.’ ತಪ್ಪೇನಿಲ್ಲ. ಆದರೆ ಇದನ್ನು ಬರೆಯಲು ತಿಕೋಟಾವರೆಗೆ ಬಸ್ ಹತ್ತಬೇಕಿರಲಿಲ್ಲ, ಹಾಸ್ಟೆಲಿನಲ್ಲಿ ಕೂತೇ ಬರೆಯಬಹುದಿತ್ತು. ಒಣದ್ರಾಕ್ಷಿ ತೆಗೆದು ಮೆಣಸಿನಕಾಯಿ ಅಂತ ಹಾಕಿದರೂ ನಡೆಯುತ್ತದೆ, ಅಲ್ವಾ?

ಕೆಳಗೆ ಎಲ್ಲೋ ಒಬ್ಬ ರೈತ ಹೇಳಿದ್ದನ್ನು ಹಾಕಿದ್ದೀಯ. ಹಣ್ಣನ್ನು ಬೇಗ ಒಣಗಿಸುವ ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆ ಮೇಲೆ ಹರವಿ ಹನ್ನೊಂದು ದಿನ ಆಗಿತ್ತಂತೆ, ಇನ್ನು ನಾಲ್ಕು ದಿನ ಒಣ ಹವೆ ಸಿಕ್ಕಿದ್ದರೆ ಸಾಕಿತ್ತಂತೆ, ಅಷ್ಟರಲ್ಲಿ ಮಳೆ ಬಂದು ತೇವ ಹಿಡಿದು ಕಪ್ಪಾಯಿತಂತೆ, ಕಪ್ಪು ಮಾಲಿಗೆ ರೇಟ್ ಇಲ್ಲವಂತೆ. ಆ ‘ನಾಲ್ಕು ದಿನ’ ನಿನ್ನ ಕಿವಿಗೆ ಬಿದ್ದದ್ದು. ಅದನ್ನು ಮೇಲೆ ತಂದಿದ್ದರೆ ನಿಮ್ಮ ಸರ್ ಸುಮ್ಮನಾಗುತ್ತಿದ್ದರು. ಶೈಲಿ ಅಂದರೆ ಚಂದದ ಪದ ಅಂತ ತಿಳಿದು ನಾನೂ ಐದಾರು ವರ್ಷ ಹಾಳು ಮಾಡಿಕೊಂಡೆ. ಯಾವುದನ್ನು ನೋಡಿದೆ, ಯಾವುದನ್ನು ಮೊದಲು ಹೇಳಿದೆ ಅನ್ನುವುದರಲ್ಲೇ ಬರೆಯುವವರ ಗುರುತು ಸಿಗುತ್ತದೆ.

ಒಂದು ಕೆಲಸ ಮಾಡು. ವರದಿ ಬರೆಯುವ ಮೊದಲು ಅವ್ವನಿಗೆ ಫೋನ್ ಮಾಡಿ ಅಲ್ಲಿ ಏನಾಯಿತು ಅಂತ ಹೇಳು, ನೀನು ಹೇಳಿದ್ದನ್ನು ರೆಕಾರ್ಡ್ ಮಾಡಿಕೋ. ಆಮೇಲೆ ಕೇಳಿ ಇದ್ದದ್ದು ಇದ್ದ ಹಾಗೆ ಇಳಿಸು. ಅವ್ವನಿಗೆ ಯಾರೂ ‘ಕಾರ್ಯಕ್ರಮ ಹಮ್ಮಿಕೊಳ್ಳಲಾಗಿತ್ತು’ ಅನ್ನುವುದಿಲ್ಲ, ‘ಎಂದರೆ ತಪ್ಪಾಗಲಾರದು’ ಅನ್ನುವುದಿಲ್ಲ, ‘ಆಕ್ರಂದನ ಮುಗಿಲು ಮುಟ್ಟಿತ್ತು’ ಅಂತೂ ಇಲ್ಲವೇ ಇಲ್ಲ. ಇಳಿಸಿದ್ದರಲ್ಲಿ ಅರ್ಧ ಬಿಸಾಡಬೇಕಾಗುತ್ತದೆ, ಮಾತಿನಲ್ಲಿ ಸುತ್ತು ಜಾಸ್ತಿ. ಉಳಿದದ್ದನ್ನು ಗಟ್ಟಿಯಾಗಿ ಓದು. ನಾಲಿಗೆ ಎಡವಿದ ಕಡೆ ವಾಕ್ಯ ಮುರಿ.

ಮನೆಮಾತಿನ ವಿಷಯ. ಕ್ರಿಯಾಪದಗಳನ್ನೆಲ್ಲ ನಮ್ಮ ಕಡೆಯ ಥರ ಬರೆಯಬೇಕು ಅಂತಿಲ್ಲ, ಸುದ್ದಿಯಲ್ಲಿ ಅದು ಬೇಗ ದಣಿಸುತ್ತದೆ. ಜನ ಆಡಿದ ಮಾತು ಮಾತ್ರ ಅವರ ಬಾಯಲ್ಲಿ ಬಂದಂತೆಯೇ ಇರಲಿ. ಇನ್ನು ಬೇರೆ ಪದವೇ ಇಲ್ಲದ ಪದಗಳಿವೆಯಲ್ಲ, ಅವನ್ನು ಬಿಡಬೇಡ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತೇವೆ. ಅದನ್ನು ‘ಭೂಮಿಪೂಜೆ’ ಅಂತ ಬರೆದರೆ ಬೆಂಗಳೂರಿನವರು ಸೈಟಿಗೆ ಗುದ್ದಲಿ ಹಾಕಿದರು ಅಂದುಕೊಳ್ಳುತ್ತಾರೆ! ‘ಮಾಡಿದ ಅಡುಗೆಯನ್ನು ಬೆಳೆಗೆ ಎರಚುವ ಚರಗ’ ಅಂತ ಒಮ್ಮೆ ಬಿಡಿಸಿ ಹೇಳು, ಆಮೇಲೆ ಚರಗ ಅಂದರೆ ಸಾಕು.

ನಕಲಿಗೆ ಅಂಜಬೇಡ. ಒಬ್ಬರನ್ನೇ ಓದಿದರೆ ಮಾತ್ರ ನಕಲು, ನಾಲ್ಕು ಮಂದಿಯನ್ನು ಓದಿದರೆ ಯಾರದ್ದು ಯಾವುದು ಅಂತ ನಿನಗೇ ಮರೆತುಹೋಗುತ್ತದೆ.

ಪರೀಕ್ಷೆಯಲ್ಲಿ ಮಾತ್ರ ಅವರು ಕೇಳಿದ ಹಾಗೆಯೇ ಬರೆ, ಮಾರ್ಕ್ಸ್ ಕೊಡುವವನು ನಾನಲ್ಲ. ಮಣೂಕದ ವರದಿಯನ್ನು 150 ಪದದಲ್ಲಿ ಮತ್ತೆ ಬರೆದು ಕಳಿಸು. ‘ಕಂಗಾಲು’ ಇರಬಾರದು.